ಮೂರು ಬೇಸಿಗೆ ಹೊತ್ತ ಸ್ಟೀಲ್ ಬಾಟಲಿ: ಬಸ್ಸು, ರೈಲಿನಲ್ಲಿ ಬಳಸಿದವರ ಅನುಭವ

ಈ ಸ್ಟೀಲ್ ಬಾಟಲಿಯನ್ನು ನಾನು ಕೊಂಡಿದ್ದು ನೀರು ತಣ್ಣಗಿರಲಿ ಅಂತ. ಮೂರು ಬೇಸಿಗೆ ಬಸ್ಸು, ರೈಲುಗಳಲ್ಲಿ ಹೊತ್ತು ತಿರುಗಿದ ಮೇಲೆ ಗೊತ್ತಾಗಿದ್ದು ಬೇರೆ. ಕೊಳ್ಳುವಾಗ ನೋಡಬೇಕಾಗಿದ್ದು ಮುಚ್ಚಳವನ್ನು. ನೀರನ್ನು ತಣ್ಣಗಿಡುವ ಕೆಲಸವನ್ನು ಈಗ ಬರುವ ಬಹುಪಾಲು ಬಾಟಲಿಗಳು ಚೆನ್ನಾಗಿಯೇ ಮಾಡುತ್ತವೆ. ತುಂಬಿದ ಬಸ್ಸಿನಲ್ಲಿ ನಿಂತುಕೊಂಡು ಕುಡಿಯಲು ಆಗದಿದ್ದರೆ ಒಳಗಿನ ನೀರು ತಣ್ಣಗಿದ್ದೇನು ಬಂತು?

ಮೊದಲು ವಿವರ ಹೇಳಿಬಿಡುತ್ತೇನೆ. 750 ಮಿಲಿ ಹಿಡಿಯುವ, ಎರಡು ಗೋಡೆಯ ವ್ಯಾಕ್ಯೂಮ್ ಬಾಟಲಿ. ಒಳಗಿನದು 18/8 ಸ್ಟೀಲ್, ಅಂದರೆ ಸುಮಾರು ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್. ಹೊರಗೆ ಕಪ್ಪು ಬಣ್ಣ. ಖಾಲಿ ಬಾಟಲಿಯೇ 360 ಗ್ರಾಂ ತೂಗುತ್ತದೆ, ತುಂಬಿದರೆ 1.1 ಕೆಜಿ ದಾಟುತ್ತದೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ಇದೇ ಥರದ ಬಾಟಲಿ ಹತ್ತಾರು ಹೆಸರಲ್ಲಿ ಸಿಗುತ್ತದೆ, ನೋಡಿದರೆ ವ್ಯತ್ಯಾಸವೇ ಗೊತ್ತಾಗಲ್ಲ. ನನ್ನ ಓಡಾಟ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ. ಮೊದಲು ಎಸಿ ಇಲ್ಲದ ಬಸ್ಸು, ಆಮೇಲೆ ರೈಲು. ಅರ್ಧ ದಾರಿ ನಿಂತೇ ಹೋಗಬೇಕು.

ತಣ್ಣಗಿಡುವ ವಿಷಯ ಬೇಗ ಮುಗಿಸುತ್ತೇನೆ. ಹೊಸದರಲ್ಲಿ ಹುಮ್ಮಸ್ಸಿನಿಂದ ಥರ್ಮಾಮೀಟರ್ ಹಿಡಿದು ಅಳೆದಿದ್ದೆ. ಬೆಳಿಗ್ಗೆ 8ಕ್ಕೆ 6 ಡಿಗ್ರಿಯ ನೀರು ತುಂಬಿದೆ. ಹೊರಗೆ 37 ಡಿಗ್ರಿ ಬಿಸಿಲು. ಮುಚ್ಚಳ ಮುಟ್ಟದೆ ಮಧ್ಯಾಹ್ನ 2ಕ್ಕೆ ನೋಡಿದರೆ 14 ಡಿಗ್ರಿ. ಆಗಾಗ ತೆಗೆದು ಕುಡಿದ ದಿನ 19. ಪೆಟ್ಟಿಗೆಯ ಮೇಲೆ ಬರೆದಿದ್ದ '24 ಗಂಟೆ ತಂಪು' ಅನ್ನುವುದು ಬಾಟಲಿಯನ್ನು ಮೂಲೆಯಲ್ಲಿಟ್ಟು ಮರೆತವರಿಗೆ ಇರಬೇಕು. ಆದರೂ ದೂರಿಲ್ಲ. ಐಸಿನಂಥ ನೀರನ್ನು ನಾನು ಎರಡು ಗುಟುಕಿಗೇ ಬಿಡುತ್ತೇನೆ, 15 ಡಿಗ್ರಿ ಆಸುಪಾಸಿನದು ಸಲೀಸಾಗಿ ಇಳಿಯುತ್ತದೆ. ಇದರ ಹಿಂದಿರುವುದು ವಿಜ್ಞಾನಿ ಜೇಮ್ಸ್ ಡ್ಯೂವರ್ 1892ರಲ್ಲಿ ಮಾಡಿದ ಫ್ಲಾಸ್ಕಿನ ಉಪಾಯವೇ. ಎರಡು ಗೋಡೆಗಳ ನಡುವಿನ ಗಾಳಿಯನ್ನು ತೆಗೆದುಬಿಟ್ಟರೆ ಶಾಖಕ್ಕೆ ದಾಟುವ ದಾರಿ ತಪ್ಪುತ್ತದೆ. ಅದಕ್ಕೆ ಉಳಿಯುವ ಕಳ್ಳದಾರಿ ಮುಖ್ಯವಾಗಿ ಕುತ್ತಿಗೆ ಮತ್ತು ಮುಚ್ಚಳ. ನೋಡಿ, ಅಲ್ಲೂ ಮುಚ್ಚಳವೇ!

ಮೊದಲ ಬೇಸಿಗೆ ಜೊತೆಗೆ ಬಂದ ತಿರುಪು ಮುಚ್ಚಳವನ್ನೇ ಬಳಸಿದೆ. ಒಂದು ಕೈ ಮೇಲಿನ ಕಂಬಿಯಲ್ಲಿ, ಇನ್ನೊಂದು ಕೈಯಲ್ಲಿ ಬಾಟಲಿ. ತಿರುಪಲು ಮೂರನೇ ಕೈ ಬೇಕು. ಬಾಟಲಿಯನ್ನು ಕಂಕುಳಲ್ಲಿ ಸಿಕ್ಕಿಸಿ ತಿರುಗಿಸಲು ನೋಡಿದ್ದೆ. ಬಸ್ಸು ಬ್ರೇಕ್ ಹಾಕಿತು, ಬಾಟಲಿ ಜಾರಿತು. ಡಣ್ ಅಂತ ಬಿದ್ದದ್ದು ಉರುಳುತ್ತಾ ಡ್ರೈವರ್ ಸೀಟಿನವರೆಗೂ ಹೋಯಿತು. ಬಸ್ಸು ಹೊರಟಾಗ ಅದೇ ದಾರಿಯಲ್ಲಿ ವಾಪಸ್ ಬಂತು. ಜನ ಒಬ್ಬೊಬ್ಬರಾಗಿ ಕಾಲೆತ್ತಿ ದಾರಿ ಬಿಟ್ಟರು. ಆಮೇಲೆ ನಿಂತಾಗ ಬಾಟಲಿ ತೆಗೆಯುವ ಧೈರ್ಯವೇ ಬರಲಿಲ್ಲ. ಪರಿಣಾಮ ಏನಾಯಿತು ಗೊತ್ತಾ? ಒಂದು ಸಂಜೆ ತಲೆ ಸಿಡಿಯುತ್ತಾ, ಕಣ್ಣು ಮಂಜಾಗಿ ಮನೆ ಸೇರಿದೆ. ಚೀಲದಿಂದ ಬಾಟಲಿ ತೆಗೆದರೆ ತುಂಬಿದ್ದು ತುಂಬಿದ ಹಾಗೇ ಇತ್ತು. ತಣ್ಣಗೂ ಇತ್ತು.

ಎರಡನೇ ಬೇಸಿಗೆಗೆ ಇದೇ ಬಾಟಲಿಗೆ ಹೊಂದುವ ಬೇರೆ ಮುಚ್ಚಳಗಳನ್ನು ತರಿಸಿದೆ. ಮೊದಲು ಸ್ಟ್ರಾ ಇರುವುದು. ಬಾಟಲಿ ಎತ್ತದೆ ಹೀರಬಹುದು, ಕುಲುಕಾಟದಲ್ಲೂ ಚೆಲ್ಲಲ್ಲ. ಆದರೆ ಖಾಲಿಯಾದ ಜಾಗದ ಗಾಳಿ ಬಿಸಿಯಾಗಿ ಹಿಗ್ಗುತ್ತದಲ್ಲ, ಅದು ನೀರನ್ನು ಸ್ಟ್ರಾ ಒಳಕ್ಕೆ ಒತ್ತುತ್ತದೆ. ಮುಚ್ಚಳ ತೆರೆದ ಕೂಡಲೇ ಮುಖಕ್ಕೆ ಚಿಮ್ಮುತ್ತದೆ. ಪಕ್ಕದವರ ಮುಖಕ್ಕೂ! ಆ ಸಣ್ಣ ಕೊಳವೆ ತೊಳೆಯುವುದು ಇನ್ನೊಂದು ತಲೆನೋವು. ತಿಂಗಳಿಗೇ ಅದನ್ನು ಬಿಟ್ಟೆ.

ಆಮೇಲೆ ಬಂದದ್ದು ಗುಂಡಿ ಒತ್ತಿದರೆ ತೆರೆಯುವ ಮುಚ್ಚಳ. ಹೆಬ್ಬೆರಳಲ್ಲಿ ಲಾಕ್ ಸರಿಸಿ ಒತ್ತಿದರೆ ಮುಗಿಯಿತು, ಒಂದೇ ಕೈ ಸಾಕು. ಕಿರಿದಾದ ಬಾಯಿ ಇರುವುದರಿಂದ ಅಂಗಿ ಮೇಲೆ ಸುರಿಯುವುದೂ ಕಡಿಮೆ. ಲಾಕ್ ಇಲ್ಲದ್ದನ್ನು ಮಾತ್ರ ಕೊಳ್ಳಬೇಡಿ. ನೂಕುನುಗ್ಗಲಿನಲ್ಲಿ ಯಾರದೋ ಮೊಣಕೈ ತಾಗಿದರೆ ಚೀಲದೊಳಗೇ ಬಾಯಿ ಬಿಡುತ್ತದೆ. ಒಂದು ಎಚ್ಚರಿಕೆಯೂ ಉಂಟು. ಓಡುವ ಬಸ್ಸಿನಲ್ಲಿ ಸ್ಟೀಲ್ ಬಾಟಲಿಯನ್ನು ಬಾಯಿಗಿಟ್ಟಾಗ ಚಕ್ರ ರಸ್ತೆಯ ಹಳ್ಳಕ್ಕೆ ಇಳಿದರೆ ಹಲ್ಲಿಗೆ ಪೆಟ್ಟು. ನನಗೆ ಎರಡು ಸಲ ಆಗಿದೆ. ಹಾಗಾಗಿ ಬಸ್ಸು ನಿಂತಾಗ ಮಾತ್ರ ಕುಡಿಯುವುದು ರೂಢಿಯಾಯಿತು. ಅದೇ ಗಡಿಯಾರವೂ ಆಯಿತು: ಪ್ರತಿ ಮೂರನೇ ಸ್ಟಾಪಿಗೆ ಎರಡು ಮೂರು ಗುಟುಕು. ಬಿಸಿಗಾಳಿ ಇರುವಾಗ ಗಂಟೆಗೆ ಒಂದು ಲೋಟವಾದರೂ ನೀರು, ದಿನಕ್ಕೆ ಕನಿಷ್ಠ 2–3 ಲೀಟರ್ ಕುಡಿಯಿರಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈ ಲೆಕ್ಕದಲ್ಲಿ ಗಂಟೆಯ ಲೋಟ ನನಗೆ ಗೊತ್ತಾಗದ ಹಾಗೇ ಮುಗಿಯುತ್ತದೆ. ಮೊಬೈಲಿನಲ್ಲಿ ಅಲಾರಂ ಇಟ್ಟು ನೋಡಿದ್ದೆ, ಅದು ಸರಿಯಾಗಿ ಇಳಿಯುವ ಹೊತ್ತಿಗೇ ಬಡಿದುಕೊಳ್ಳುತ್ತಿತ್ತು.

ಮನೆಯಲ್ಲಿ ಕುಡಿದು ಹೊರಟರೆ ಸಾಲದಾ ಅಂತ ಕೇಳುವವರಿದ್ದಾರೆ. ಸಾಲದು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಮೈಯಿಂದ ಸುಮಾರು 2,400 ಕಿಲೋಜೂಲ್ ಶಾಖ ಹೊರಹೋಗುತ್ತದೆ. ಆರಿದರೆ ಮಾತ್ರ. ಜನ ಕಿಕ್ಕಿರಿದ ಬಸ್ಸಿನಲ್ಲಿ ಎಲ್ಲರ ಉಸಿರು, ಬೆವರಿನಿಂದ ಗಾಳಿ ತೇವವಾಗಿರುತ್ತದೆ. ಟ್ರಾಫಿಕ್ಕಿನಲ್ಲಿ ನಿಂತರೆ ಕಿಟಕಿಯಿಂದ ಗಾಳಿಯೂ ಇಲ್ಲ. ಬೆವರು ಆರದೆ ಸುಮ್ನೆ ತೊಟ್ಟಿಕ್ಕುತ್ತದೆ. ನೀರು ಹೋಯಿತು, ತಂಪು ಬರಲಿಲ್ಲ. ಮೈ ಇನ್ನಷ್ಟು ಬೆವರುತ್ತದೆ. ಬಾಯಾರಿಕೆಯೋ, ತಡವಾಗಿ ಬರುವ ಅತಿಥಿ. ದೇಹದ ತೂಕದಲ್ಲಿ ನೂರಕ್ಕೆ ಒಂದರಿಂದ ಎರಡು ಪಾಲಿನಷ್ಟು ನೀರು ಹೋದ ಮೇಲೇ ಅದು ಸರಿಯಾಗಿ ಕಾಣಿಸಿಕೊಳ್ಳುವುದು. 60 ಕೆಜಿ ತೂಕದವರಿಗೆ ಒಂದು ಪಾಲು ಅಂದರೆ 600 ಮಿಲಿ, ಹೆಚ್ಚುಕಡಿಮೆ ನನ್ನ ಬಾಟಲಿಯಷ್ಟೇ ಆಯಿತು.

ಇನ್ನು ಬಾಟಲಿಯ ತಪ್ಪಲ್ಲದ, ಆದರೆ ಬಾಟಲಿಯನ್ನು ಸೋಲಿಸುವ ಒಂದು ವಿಷಯ. ದಾರಿಯಲ್ಲಿ ಶೌಚಾಲಯ ಸಿಗಲ್ಲ ಅನ್ನುವ ಹೆದರಿಕೆ. ನೀರು ಕೈಯಲ್ಲಿದ್ದರೂ ಎಷ್ಟೋ ಜನ ಕುಡಿಯದಿರುವುದು ಇದಕ್ಕೇ, ಅದರಲ್ಲೂ ಹೆಂಗಸರು. ನಾನೂ ಹಾಗೇ ಇದ್ದೆ. ಹೊರಡುವ ಗಡಿಬಿಡಿಯಲ್ಲಿ ಎರಡು ಲೋಟ ಗಟಗಟ ಕುಡಿದು ಬಸ್ಸು ಹತ್ತಿದರೆ ಅರ್ಧ ದಾರಿಗೇ ಪೇಚಾಟ. ಈಗ ಹೊರಡುವ ಮುಕ್ಕಾಲು ಗಂಟೆ ಮುಂಚೆ ಒಂದು ಲೋಟ ಕುಡಿಯುತ್ತೇನೆ. ಹೊರಡುವ ಮುನ್ನ ಶೌಚಾಲಯಕ್ಕೆ ಹೋಗಿ ಬರುತ್ತೇನೆ. ಆಮೇಲೆ ಗುಟುಕು ಗುಟುಕಾಗಿ. ಒಮ್ಮೆಗೇ ಸುರಿದುಕೊಂಡ ನೀರು ಬೇಗ ಮೂತ್ರವಾಗಿ ಹೋಗುತ್ತದೆ, ಸ್ವಲ್ಪ ಸ್ವಲ್ಪವಾಗಿ ಕುಡಿದದ್ದು ಮೈಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ. ಬೆವರುವ ದಿನ ಮೂತ್ರ ಹೇಗೂ ಕಡಿಮೆ. ಎರಡು ಬೇಸಿಗೆಯಿಂದ ಇದೇ ಕ್ರಮ, ನಡುವೆ ಇಳಿದು ಓಡಬೇಕಾದದ್ದು ಒಂದೇ ದಿನ. ಹೃದಯ ಅಥವಾ ಕಿಡ್ನಿ ತೊಂದರೆಗೆ ಡಾಕ್ಟರು ನೀರಿನ ಮಿತಿ ಹಾಕಿದ್ದರೆ ಮಾತ್ರ ಅವರು ಹೇಳಿದ ಲೆಕ್ಕವೇ ಲೆಕ್ಕ.

ಓಆರ್‌ಎಸ್ ಹಾಕಿ ನೋಡಿದ್ದೂ ಆಯಿತು. ಇಲ್ಲಿ 750 ಮಿಲಿ ಅನ್ನುವುದೇ ಅಡ್ಡ ಬರುತ್ತದೆ. ಸಾಮಾನ್ಯವಾಗಿ ದೊಡ್ಡ ಪ್ಯಾಕೆಟ್ ಒಂದು ಲೀಟರ್ ನೀರಿಗೆ. ಪೂರ್ತಿ ಸುರಿದರೆ ಉಪ್ಪು ಮಿತಿ ಮೀರುತ್ತದೆ, ಅಂದಾಜಿಗೆ ಅರ್ಧ ಸುರಿದರೆ ಲೆಕ್ಕ ತಪ್ಪುತ್ತದೆ. ಮನೆಯಲ್ಲೇ ಲೀಟರಿಗೆ ಕಲಸಿ, ಹಿಡಿದಷ್ಟು ತುಂಬಿಕೊಂಡೆ. ಉಪ್ಪಿನ ನೀರನ್ನು ರಾತ್ರಿಯೆಲ್ಲಾ ಸ್ಟೀಲಿನಲ್ಲಿ ಬಿಡಬಾರದು. 18/8 ಕೂಡ ಉಪ್ಪಿಗೆ ನಿಧಾನವಾಗಿ ಚುಕ್ಕೆ ಬೀಳುತ್ತದೆ. ದಿನದ ಓಡಾಟಕ್ಕೆ, ಹೊತ್ತಿಗೆ ಸರಿಯಾಗಿ ಊಟ ಮಾಡುವವರಿಗೆ, ಬರೀ ನೀರೇ ಸಾಕು ಅಂತ ನನ್ನ ಅನಿಸಿಕೆ.

ಮೂರನೇ ಬೇಸಿಗೆಯ ಮಧ್ಯದಲ್ಲಿ ಬಾಟಲಿ ಸತ್ತಿತು. ಚೀಲದ ಪಕ್ಕದ ಜೇಬಿನಿಂದ ಜಾರಿ ನಿಲ್ದಾಣದ ಮೆಟ್ಟಿಲ ಮೇಲೆ ಬಿತ್ತು, ತಳ ನೆಗ್ಗಿತು. ಇಂಥ ಬಾಟಲಿಗಳ ವ್ಯಾಕ್ಯೂಮ್ ಮುಚ್ಚುವ ಬೆಸುಗೆ ಹೆಚ್ಚಾಗಿ ತಳದಲ್ಲೇ ಇರುತ್ತದೆ, ಹೊಟ್ಟೆ ನೆಗ್ಗಿದ್ದರೆ ಉಳಿಯುತ್ತಿತ್ತೋ ಏನೋ. ಮೊದಲ ದಿನ ಗೊತ್ತಾಗಲಿಲ್ಲ. ಮರುದಿನ ಬಾಟಲಿಯ ಹೊರಮೈ ಬೆವರಿತ್ತು, ಚೀಲದಲ್ಲಿದ್ದ ಪುಸ್ತಕ ಒದ್ದೆ. ವ್ಯಾಕ್ಯೂಮ್ ಹೋದದ್ದಕ್ಕೆ ಅದೇ ಗುರುತು. ಮಧ್ಯಾಹ್ನದ ಹೊತ್ತಿಗೆ ನೀರು ಉಗುರುಬೆಚ್ಚಗೆ. ಬಿದ್ದು ನೆಗ್ಗಿದ್ದಕ್ಕೆ ವಾರಂಟಿ ಇಲ್ಲ ಅಂದರು. ಕಾರ್ಡಿನಲ್ಲಿ ಹಾಗೇ ಬರೆದಿತ್ತು, ಓದದೆ ಇದ್ದದ್ದು ನಾನು.

ತೊಳೆಯುವ ವಿಷಯದಲ್ಲಿ ಒಂದೇ ಮಾತು: ಮುಚ್ಚಳದ ಸಿಲಿಕೋನ್ ರಿಂಗನ್ನು ವಾರಕ್ಕೊಮ್ಮೆ ಬಿಚ್ಚಿ ತೊಳೆಯಿರಿ. ಮೊದಲ ಸಲ ಬಿಚ್ಚಿದಾಗ ಕಂಡ ಕಪ್ಪು ಬೂಸ್ಟನ್ನು ಇಲ್ಲಿ ವರ್ಣಿಸಲ್ಲ. ಮತ್ತೆ, ಬಾಟಲಿಯನ್ನು ಫ್ರೀಜರಿನಲ್ಲಿ ಇಡಬೇಡಿ. ನೀರು ಹೆಪ್ಪುಗಟ್ಟಿದರೆ ನೂರಕ್ಕೆ ಸುಮಾರು 9ರಷ್ಟು ಹಿಗ್ಗುತ್ತದೆ, ಒಳಗೋಡೆ ಉಬ್ಬಿ ಹಾಳಾಗುತ್ತದೆ. ಐಸ್ ಬೇಕಿದ್ದರೆ ತುಂಡು ಹಾಕಿ. ಕಪ್ಪು ಬಣ್ಣವನ್ನೂ ಬಿಡಿ. ಬಿಸಿಲು ಬೀಳುವ ಕಿಟಕಿ ಸೀಟಿನಲ್ಲಿ ಒಳಗಿನ ನೀರು ತಣ್ಣಗಿರುತ್ತದೆ, ಹಿಡಿದ ಕೈ ಸುಡುತ್ತದೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಮೊದಲ ಮುಚ್ಚಳದ ಲೆಕ್ಕದಲ್ಲಾದರೆ ಎರಡು. ಈಗ ಅದೇ ಕಂಪನಿಯ 500 ಮಿಲಿಯದು ಕೊಂಡಿದ್ದೇನೆ, ತಳಕ್ಕೆ ರಬ್ಬರ್ ಬೂಟು ಹಾಕಿದ್ದೇನೆ. ರೈಲು ನಿಲ್ದಾಣದ ನಲ್ಲಿಯಲ್ಲಿ ಮತ್ತೆ ತುಂಬಿಕೊಳ್ಳುತ್ತೇನೆ, ಹೆಗಲಿಗೂ ಹಗುರ. ಬಾಯಿಯ ಅಳತೆ ಒಂದೇ ಆದದ್ದರಿಂದ ಗುಂಡಿ ಮುಚ್ಚಳ ಹೊಸದರ ಮೇಲೆ ಕೂತಿದೆ. ಹಳೆಯ ಬಾಟಲಿ ಕಿಟಕಿಯ ಗಿಡಗಳಿಗೆ ನೀರು ಹಾಕುತ್ತಿದೆ, ತಿರುಪು ಮುಚ್ಚಳ ಎಲ್ಲಿದೆಯೋ ಗೊತ್ತಿಲ್ಲ.