ಅಣ್ವಸ್ತ್ರ ಚಾಪ್ಟರ್‌ಗೋಸ್ಕರ ಆದ್ರೂ ಈ ನೋಟ್ಸ್ ತಗೊಳ್ರಿ

ದಾವಣಗೆರೆ ವಿದ್ಯಾನಗರದ ಒಂದು ಜೆರಾಕ್ಸ್ ಅಂಗಡೀಲಿ ಕೆಎಎಸ್ ನೋಟ್ಸ್ ತಗೊಂಡೆ, ಅಣ್ವಸ್ತ್ರ ಒಪ್ಪಂದಗಳ ಭಾಗ ಸಖತ್ತಾಗಿದೆ. 1967ರ ಜನವರಿ 1ಕ್ಕಿಂತ ಮೊದ್ಲು ಬಾಂಬ್ ಟೆಸ್ಟ್ ಮಾಡಿದ ಐದು ದೇಶಕ್ಕೆ ಮಾತ್ರ ಎನ್‌ಪಿಟಿ (ಅಣ್ವಸ್ತ್ರ ಹರಡದಂತೆ ತಡೆಯೋ ಒಪ್ಪಂದ) ಅಣ್ವಸ್ತ್ರ ದೇಶ ಅಂತ ಮಾನ್ಯತೆ ಕೊಡುತ್ತೆ, ಉಳಿದೋರು ಮಾಡಂಗಿಲ್ಲ, ಈ ಭೇದಭಾವಕ್ಕೇ ಭಾರತ ಸಹಿ ಹಾಕ್ಲಿಲ್ಲ ಅಂತ ಓದಿದ್ಮೇಲೆ 1974ರ ಪೋಖ್ರಾನ್ ಅಣು ಪರೀಕ್ಷೆ, ಅದಾದ್ಮೇಲೆ ಹುಟ್ಟಿದ ಎನ್‌ಎಸ್‌ಜಿ (ಅಣು ಸಾಮಗ್ರಿ ಪೂರೈಸೋ ದೇಶಗಳ ಗುಂಪು), 1998ರ ಪರೀಕ್ಷೆ, 2003ರ 'ಮೊದಲು ನಾವು ಬಳಸಲ್ಲ' ನೀತಿ ಎಲ್ಲಾ ಒಂದೇ ಎಳೇಲಿ ಕಾಣ್ತು. ಆದ್ರೆ ಸಿಟಿಬಿಟಿ (ಎಲ್ಲಾ ಅಣು ಪರೀಕ್ಷೆ ನಿಷೇಧಿಸೋ ಒಪ್ಪಂದ) ಪುಟ ಅರ್ಧ ಕಪ್ಪು, 1996 ಅನ್ನೋದು 1986 ಥರ ಕಾಣುತ್ತೆ, ಎಕ್ಸಾಮ್‌ಗೆ ಓದೋರಿಗೆ ಇದು ದೊಡ್ಡ ತೊಂದ್ರೆನೇ. ಅಂಗಡಿ ಅಣ್ಣಂಗೆ ತೋರಿಸ್ದೆ, "ನಿಲ್ರೀ ಸರ್" ಅಂದು ಆ ಹಾಳೆ ಮತ್ತೆ ತೆಗ್ದು ಕೊಟ್ರು, ದುಡ್ಡು ಕೇಳ್ಲಿಲ್ಲ. ಸ್ಪೈರಲ್ ಬೈಂಡಿಂಗ್ ಗಟ್ಟಿ ಇದೆ. ತಗೊಳ್ಳೋ ಮುಂಚೆ ಅಲ್ಲೇ ನಿಂತು ಹಾಳೆ ತಿರುವಿ ನೋಡ್ರಿ.