ಮೂಲ ಅಂಕಪಟ್ಟಿ ಕೈಯಲ್ಲಿಲ್ಲದೆ ಕೈತಪ್ಪಿದ ಸರ್ಕಾರಿ ವೈದ್ಯಕೀಯ ಸೀಟು

ನೀಟ್ ಬರೆದು, ವೈದ್ಯಕೀಯ ಸೀಟು ಸಿಗುತ್ತದೆಯೋ ಇಲ್ಲವೋ ಎಂಬ ಆತಂಕದಲ್ಲಿ ಮಗನನ್ನೋ ಮಗಳನ್ನೋ ಸದ್ಯಕ್ಕೆ ಬೇರೊಂದು ಕೋರ್ಸಿಗೆ ಸೇರಿಸಿಟ್ಟಿರುವ ತಂದೆತಾಯಂದಿರು ಈ ಬರಹವನ್ನು ಪೂರ್ತಿಯಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ನಾನು ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕ. ಮಗಳಿಗೆ ಆಲ್ ಇಂಡಿಯಾ ಕೋಟಾದ, ಅಂದರೆ ರಾಜ್ಯದ ಬದಲು ರಾಷ್ಟ್ರ ಮಟ್ಟದಲ್ಲಿ ಹಂಚುವ ಸೀಟುಗಳ, ಎರಡನೇ ಸುತ್ತಿನಲ್ಲಿ ನಮ್ಮ ರಾಜ್ಯದ್ದೇ ಒಂದು ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಎಂಬಿಬಿಎಸ್ ಸೀಟು ಹಂಚಿಕೆಯಾಗಿತ್ತು. ಅವಳ ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಮೂಲ ಅಂಕಪಟ್ಟಿಗಳೂ ವರ್ಗಾವಣೆ ಪ್ರಮಾಣಪತ್ರವೂ ಬೆಂಗಳೂರಿನ ಒಂದು ಖಾಸಗಿ ಕಾಲೇಜಿನ ಬೀರುವಿನಲ್ಲಿದ್ದವು ಎಂಬ ಒಂದೇ ಕಾರಣಕ್ಕೆ ಆ ಸೀಟು ನಮ್ಮ ಕೈತಪ್ಪಿತು.

ನಾವು ಆ ಬಲೆಗೆ ಬಿದ್ದುದು ಹೇಗೆಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಪ್ರತಿ ವರ್ಷ ಸಾವಿರಾರು ಮನೆಗಳು ನಿಲ್ಲುವ ಜಾಗ ಅದು. ನೀಟ್ ಪರೀಕ್ಷೆ ಮೇ ತಿಂಗಳಲ್ಲಿ ಮುಗಿದರೂ ಸೀಟು ಹಂಚಿಕೆಯ ಸುತ್ತುಗಳು ಸಾಮಾನ್ಯವಾಗಿ ಜುಲೈ, ಆಗಸ್ಟ್‌ನಲ್ಲಿ ಆರಂಭವಾಗಿ ಅಕ್ಟೋಬರ್‌ವರೆಗೆ, ಕೆಲವೊಮ್ಮೆ ಅದಕ್ಕೂ ಆಚೆಗೆ ಎಳೆಯುತ್ತವೆ. ಬೇರೆ ಕೋರ್ಸುಗಳ ಪ್ರವೇಶವಾದರೋ ಜೂನ್‌ನಲ್ಲೇ ಶುರುವಾಗಿರುತ್ತದೆ. ಮಗಳ ಅಂಕ ಅತ್ತ ನಿಶ್ಚಿಂತೆಯಿಂದಿರುವಷ್ಟೂ ಅಲ್ಲ, ಇತ್ತ ಆಸೆ ಬಿಡುವಷ್ಟೂ ಅಲ್ಲ ಎಂಬಂತಿತ್ತು. ವರ್ಷ ವ್ಯರ್ಥವಾಗಬಾರದೆಂದು ಜುಲೈ ಮೊದಲ ವಾರದಲ್ಲಿ ಅವಳನ್ನು ಫಿಸಿಯೋಥೆರಪಿ ಪದವಿಗೆ, ಆಡಳಿತ ಮಂಡಳಿ ಕೋಟಾದಲ್ಲಿ ಸೇರಿಸಿ, ಮೊದಲ ವರ್ಷದ ಶುಲ್ಕವೆಂದು 1,20,000 ರೂಪಾಯಿ ಕಟ್ಟಿದೆ.

ಪ್ರವೇಶ ವಿಭಾಗದಲ್ಲಿದ್ದ ವ್ಯಕ್ತಿ ಬಹಳ ಸೌಜನ್ಯದಿಂದ ಮಾತನಾಡಿದರು. ವಿಶ್ವವಿದ್ಯಾಲಯದ ಅರ್ಹತಾ ಪರಿಶೀಲನೆಗೆ ಮೂಲ ದಾಖಲೆಗಳು ಬೇಕೇಬೇಕು ಎಂದರು. ಮಗಳು ನೀಟ್ ಕೌನ್ಸೆಲಿಂಗ್‌ನಲ್ಲಿ ಇದ್ದಾಳೆ ಎಂದು ನಾನು ಮುಚ್ಚಿಡದೆ ಹೇಳಿದಾಗ, “ಎಂಬಿಬಿಎಸ್ ಸಿಕ್ಕರೆ ಬನ್ನಿ ಸರ್, ಅರ್ಧ ದಿನದಲ್ಲಿ ವಾಪಸ್ ಕೊಡ್ತೀವಿ” ಎಂದರು. ಅದರ ಜೊತೆಗೇ ನೂರು ರೂಪಾಯಿಯ ಛಾಪಾ ಕಾಗದದ ಮೇಲೆ ಒಂದು ಮುಚ್ಚಳಿಕೆಗೆ ನನ್ನ ಮತ್ತು ಮಗಳ ಸಹಿ ಪಡೆದರು. ಮಧ್ಯದಲ್ಲಿ ಕೋರ್ಸು ಬಿಟ್ಟರೆ ಉಳಿದ ವರ್ಷಗಳ ಶುಲ್ಕವನ್ನೂ ತುಂಬುತ್ತೇವೆ ಎಂಬ ಸಾಲು ಅದರಲ್ಲಿತ್ತು. ನಾನು ಓದಿದೆ. ಓದಿಯೂ, ಇದು ಎಲ್ಲರಿಂದ ಬರೆಸಿಕೊಳ್ಳುವ ಔಪಚಾರಿಕ ಕಾಗದ ಎಂದುಕೊಂಡು ಸಹಿ ಹಾಕಿದೆ. ಯಾವ ಯಾವ ದಾಖಲೆಗಳನ್ನು ಪಡೆದಿದ್ದಾರೆ ಎಂಬ ಸ್ವೀಕೃತಿ ಪತ್ರವನ್ನು ನಾನು ಕೇಳಲಿಲ್ಲ, ಅವರೂ ಕೊಡಲಿಲ್ಲ. ಇಪ್ಪತ್ತೆರಡು ವರ್ಷ ಶಾಲೆಯಲ್ಲಿ ಮಕ್ಕಳ ದಾಖಲಾತಿ ಮಾಡಿಕೊಂಡು, ಟಿಸಿ ಬರೆದುಕೊಟ್ಟು ಬಂದಿರುವ ನಾನೇ ಹೀಗೆ ಮಾಡಿದೆನೆಂಬ ನೋವು ಇಂದಿಗೂ ಹೋಗಿಲ್ಲ.

ಸೀಟು ಹಂಚಿಕೆಯ ಫಲಿತಾಂಶ ಬಂದದ್ದು ಒಂದು ಶುಕ್ರವಾರ ಸಂಜೆ. ಮುಂದಿನ ಗುರುವಾರ ಸಂಜೆ ಐದು ಗಂಟೆಯೊಳಗೆ ಕಾಲೇಜಿಗೆ ಹೋಗಿ ವರದಿ ಮಾಡಿಕೊಳ್ಳಬೇಕಿತ್ತು. ಆರು ದಿನ ಎಂದರೆ ಧಾರಾಳ ಎನಿಸಿತು. ಶನಿವಾರ ಬಂಧುಗಳು ಬಂದರು, ಮನೆಯಲ್ಲಿ ಹೋಳಿಗೆಯ ಊಟವಾಯಿತು. ಭಾನುವಾರ ದಾವಣಗೆರೆಗೆ ಹೋಗಿ ಎರಡು ಬಿಳಿ ಏಪ್ರನ್, ಹಾಸ್ಟೆಲಿಗೆ ಟ್ರಂಕು, ಹಾಸಿಗೆ ತಂದೆವು. ಅಂಗರಚನಾ ಶಾಸ್ತ್ರಕ್ಕೆ ಬೇಕಾಗುತ್ತದೆಂದು ಪರಿಚಯದ ವಿದ್ಯಾರ್ಥಿಯೊಬ್ಬರಿಂದ ಹಳೆಯ ಮೂಳೆ ಸೆಟ್ಟಿಗೂ ಮಾತಾಡಿಟ್ಟೆ. ವೈದ್ಯಕೀಯ ಕಾಲೇಜಿಗೆ ಸಿದ್ಧರಾಗುವುದೆಂದರೆ ಇವೇ ಎಂದು ನಾವು ತಿಳಿದಿದ್ದೆವು. ಏಪ್ರನ್ ಅನ್ನು ಕಾಲೇಜು ಸೇರಿದ ಮರುದಿನ ಕೊಳ್ಳಬಹುದು, ಮೂಳೆ ಸೆಟ್ಟನ್ನು ಒಂದು ತಿಂಗಳು ಬಿಟ್ಟು ಕೊಳ್ಳಬಹುದು. ಆ ಶನಿವಾರ ಬೆಳಗಿನ ಮೊದಲ ಬಸ್ಸಿಗೆ ನಾನು ಬೆಂಗಳೂರಿಗೆ ಹೊರಟಿರಬೇಕಿತ್ತು.

ಭಾನುವಾರ ರಾತ್ರಿ ಹೊರಟು ಸೋಮವಾರ ಬೆಳಿಗ್ಗೆ ಫಿಸಿಯೋಥೆರಪಿ ಕಾಲೇಜಿನ ಬಾಗಿಲಲ್ಲಿ ನಿಂತಿದ್ದೆ. ಜುಲೈನಲ್ಲಿ ಭರವಸೆ ಕೊಟ್ಟ ವ್ಯಕ್ತಿ ಅಂದು ರಜೆಯಲ್ಲಿದ್ದರು. ಬೀರುವಿನ ಕೀಲಿ ಅವರ ಬಳಿಯೇ ಇದೆ, ನಾಳೆ ಬನ್ನಿ ಎಂದರು. ಮಂಗಳವಾರ ಅವರು ಸಿಕ್ಕರು, ಆದರೆ ಮಾತು ಬದಲಾಗಿತ್ತು. ಛಾಪಾ ಕಾಗದವನ್ನು ಮೇಜಿನ ಮೇಲಿಟ್ಟು, ಉಳಿದ ಮೂರು ವರ್ಷದ ಶುಲ್ಕ 3,60,000 ರೂಪಾಯಿ ಕಟ್ಟಿದರೆ ಆ ಗಳಿಗೆಯಲ್ಲೇ ದಾಖಲೆ ಕೊಡುತ್ತೇವೆ ಎಂದರು. ನಿಮ್ಮ ಮಗಳಿಂದಾಗಿ ನಮ್ಮ ಒಂದು ಸೀಟು ನಾಲ್ಕು ವರ್ಷ ಖಾಲಿ ಉಳಿಯುತ್ತದೆ ಎಂಬುದು ಅವರ ವಾದ. ಪ್ರಾಂಶುಪಾಲರನ್ನು ಕಂಡೆ, ಇದು ಆಡಳಿತ ಮಂಡಳಿಗೆ ಬಿಟ್ಟ ವಿಷಯವೆಂದರು. ಆಡಳಿತ ಮಂಡಳಿಯವರು ಯಾರು, ಎಲ್ಲಿ ಸಿಗುತ್ತಾರೆ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಬುಧವಾರ ಮಧ್ಯಾಹ್ನದವರೆಗೂ ಅದೇ ಬೆಂಚಿನ ಮೇಲೆ ಕುಳಿತೆ. ಕೊನೆಗೆ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ, ಈ ವಿದ್ಯಾರ್ಥಿನಿಯ ಮೂಲ ದಾಖಲೆಗಳು ನಮ್ಮ ಸಂಸ್ಥೆಯಲ್ಲಿ ಠೇವಣಿಯಾಗಿವೆ ಎಂದು ಒಂದು ಪತ್ರ ಬರೆದು ಮೊಹರು ಹಾಕಿ ಕೊಟ್ಟು, ಇದನ್ನು ತೋರಿಸಿದರೆ ಎಲ್ಲಿ ಬೇಕಾದರೂ ಪ್ರವೇಶ ಸಿಗುತ್ತದೆ ಎಂದು ಹೇಳಿ ಕಳುಹಿಸಿದರು.

ಅದು ನಿಜವಲ್ಲ. ಈ ಒಂದು ಮಾತನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ. ಆಲ್ ಇಂಡಿಯಾ ಕೋಟಾದ ಸೀಟು ಹಂಚುವ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ, ಅಂದರೆ ಎಂಸಿಸಿ, ತನ್ನ ಮಾಹಿತಿ ಪುಸ್ತಿಕೆಯಲ್ಲಿಯೇ ಈ ವಿಷಯವನ್ನು ಸ್ಪಷ್ಟವಾಗಿ ಹೇಳಿದೆ. ಮೂಲ ದಾಖಲೆಗಳಿಲ್ಲದೆ ಪ್ರವೇಶವಿಲ್ಲ, ಬೇರೆ ಸಂಸ್ಥೆಯಲ್ಲಿ ದಾಖಲೆ ಇಟ್ಟಿರುವುದಾಗಿ ಠೇವಣಿ ಪತ್ರ ತಂದವರಿಗೂ ಪ್ರವೇಶವಿಲ್ಲ. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ವೈದ್ಯಕೀಯ ಕಾಲೇಜಿನ ಪ್ರವೇಶ ಕೊಠಡಿಯಲ್ಲಿ ಹಿರಿಯ ವೈದ್ಯೆಯೊಬ್ಬರು ನಮ್ಮನ್ನು ಕೂರಿಸಿ, ಆ ಪುಟವನ್ನೇ ತೆರೆದು ತೋರಿಸಿದರು. ಅವರ ಬಗ್ಗೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಮೂಲ ದಾಖಲೆಗಳನ್ನು ನೋಡಿದ ಮೇಲೆಯೇ ಪೋರ್ಟಲ್‌ನಲ್ಲಿ ಪ್ರವೇಶವನ್ನು ದಾಖಲಿಸಬೇಕು, ಐದು ಗಂಟೆಯ ನಂತರ ಅದು ನನ್ನ ಕೈಯಲ್ಲಿರುವುದಿಲ್ಲ, ಅಷ್ಟರೊಳಗೆ ಯಾರಾದರೂ ತಂದುಕೊಟ್ಟರೆ ಕಾದಿರುತ್ತೇನೆ ಎಂದರು. ಬೆಂಗಳೂರಿನಲ್ಲಿದ್ದ ನನ್ನ ತಮ್ಮ ಆ ಕಾಲೇಜಿಗೆ ಓಡಿದ. ಹಣವಿಲ್ಲದೆ ದಾಖಲೆ ಕೊಡಲಾರೆವೆಂದು ಅವನನ್ನೂ ಕಳುಹಿಸಿದರು. ಸಂಜೆ ಐದಾಯಿತು. ಮಗಳು ಅಳಲಿಲ್ಲ. ಫೈಲನ್ನು ಎದೆಗೆ ಒತ್ತಿಕೊಂಡು, “ಅಪ್ಪಾ, ನಡೀರಿ, ಬಸ್ಸು ತಪ್ಪತೈತಿ” ಎಂದಳು.

ಎಂಸಿಸಿಯ ಮೊದಲ ಸುತ್ತಿನಲ್ಲಿ ಸಿಕ್ಕ ಸೀಟಿಗೆ ಸೇರದಿದ್ದರೆ ಯಾವ ನಷ್ಟವೂ ಇಲ್ಲ. ಎರಡನೇ ಸುತ್ತಿನದಾದರೆ ನೋಂದಣಿಯ ವೇಳೆ ಕಟ್ಟಿದ ಭದ್ರತಾ ಠೇವಣಿ ಹೋಗುತ್ತದೆ, ನಮ್ಮದು 10,000 ರೂಪಾಯಿ ಹೋಯಿತು. ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ನೋಂದಾಯಿಸಿದವರ ಠೇವಣಿ 2 ಲಕ್ಷ ರೂಪಾಯಿ. ಕಟ್ಟಕಡೆಯ ಉಳಿಕೆ ಸೀಟುಗಳ ಸುತ್ತಿನಲ್ಲಿ ಹಂಚಿಕೆಯಾಗಿಯೂ ಸೇರದಿದ್ದರೆ ಠೇವಣಿಯ ಜೊತೆಗೆ ಮುಂದಿನ ವರ್ಷದ ನೀಟ್ ಬರೆಯುವ ಅವಕಾಶವೂ ತಪ್ಪುತ್ತದೆ. ಹಾಗಾಗಿ ಸುತ್ತುಗಳು ಮುಂದುವರಿದಷ್ಟೂ ಕೈಯಲ್ಲಿ ಕಾಗದವಿಲ್ಲದಿರುವುದರ ಬೆಲೆ ಏರುತ್ತಲೇ ಹೋಗುತ್ತದೆ.

ಸೀಟನ್ನು ಒಂದು ವರ್ಷ ಮುಂದಕ್ಕೆ ಹಾಕಿಸಿಕೊಳ್ಳಲಾಗದೇ ಎಂದು ಹಲವರು ಕೇಳಿದರು. ಅಮೆರಿಕದಲ್ಲಿರುವ ನಮ್ಮ ಸಂಬಂಧಿಯೊಬ್ಬರು, ಅಲ್ಲಿನ ವೈದ್ಯಕೀಯ ಶಾಲೆಗಳು ಸರಿಯಾದ ಕಾರಣವಿದ್ದರೆ ಪ್ರವೇಶವನ್ನು ಮುಂದಿನ ವರ್ಷಕ್ಕೆ ಕಾಯ್ದಿಡುವುದುಂಟು, ನೀವೂ ಅರ್ಜಿ ಕೊಡಿ ಎಂದರು. ನಮ್ಮ ದೇಶದ ಕೌನ್ಸೆಲಿಂಗ್‌ನಲ್ಲಿ ಅಂಥ ವ್ಯವಸ್ಥೆಯಿಲ್ಲ. ಹಂಚಿಕೆಯಾದ ಸೀಟಿಗೆ ಆ ಸುತ್ತಿನ ಗಡುವಿನೊಳಗೆ ಸೇರಬೇಕು, ಇಲ್ಲವೇ ಅದು ಮುಂದಿನ ಸುತ್ತಿಗೆ ಬೇರೆಯವರ ಪಾಲಾಗುತ್ತದೆ. ಇಲ್ಲಿನ ಎಂಬಿಬಿಎಸ್ ಪ್ರವೇಶಕ್ಕೆ ನೀಟ್ ಅಂಕ ಆ ವರ್ಷಕ್ಕೆ ಮಾತ್ರ ಸಲ್ಲುತ್ತದೆ.

ಊರಿಗೆ ಮರಳಿದ ಮೇಲೆ ನನ್ನ ಸಹೋದ್ಯೋಗಿಯೊಬ್ಬರು ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ಅಂದರೆ ಯುಜಿಸಿಯ, ಒಂದು ಅಧಿಸೂಚನೆಯನ್ನು ತೋರಿಸಿದರು. ಯುಜಿಸಿ ಅದನ್ನು ಹೊರಡಿಸಿದ್ದು 2018ರ ಅಕ್ಟೋಬರ್‌ನಲ್ಲಿ. ಓದುತ್ತಾ ಹೋದಂತೆ ಕೈ ನಡುಗಿತು. ಪ್ರವೇಶದ ವೇಳೆ ಮೂಲ ಪ್ರಮಾಣಪತ್ರಗಳನ್ನು ವಿದ್ಯಾರ್ಥಿಯ ಎದುರಿನಲ್ಲಿ ಪರಿಶೀಲಿಸಿ ಕೂಡಲೇ ಹಿಂದಿರುಗಿಸಬೇಕು, ಸ್ವಯಂ ದೃಢೀಕರಿಸಿದ ನಕಲುಗಳನ್ನಷ್ಟೇ ಇಟ್ಟುಕೊಳ್ಳಬೇಕು ಎಂದು ಅದು ಹೇಳುತ್ತದೆ. ಬಿಟ್ಟುಹೋಗುವವರಿಗೆ ಶುಲ್ಕ ಹಿಂದಿರುಗಿಸುವ ಪ್ರಮಾಣವನ್ನೂ ಅದು ನಿಗದಿಪಡಿಸಿದೆ. ಪ್ರವೇಶದ ಅಧಿಕೃತ ಕೊನೆಯ ದಿನಕ್ಕೆ ಹದಿನೈದು ದಿನ ಅಥವಾ ಅದಕ್ಕೂ ಮೊದಲೇ ತಿಳಿಸಿದರೆ ಪೂರ್ತಿ ಶುಲ್ಕ, ಅದರ ನಂತರ ಶೇ. 90, ಆಮೇಲೆ 80, 50 ಎಂದು ಇಳಿಯುತ್ತಾ, ಕೊನೆಯ ದಿನ ಕಳೆದು ಮೂವತ್ತು ದಿನ ದಾಟಿದರೆ ಏನೂ ಇಲ್ಲ. ಎಂಜಿನಿಯರಿಂಗ್ ಕಾಲೇಜುಗಳ ಮೇಲ್ವಿಚಾರಣೆ ನಡೆಸುವ ಎಐಸಿಟಿಇ ಕೂಡ ಮೂಲ ದಾಖಲೆಗಳನ್ನು ಇಟ್ಟುಕೊಳ್ಳುವಂತಿಲ್ಲ ಎಂದು ಬಹಳ ಹಿಂದಿನಿಂದ ಹೇಳುತ್ತಲೇ ಬಂದಿದೆ. ಈ ಕಾಗದದ ಒಂದು ಪ್ರತಿ ಜುಲೈನಲ್ಲಿ ನನ್ನ ಚೀಲದಲ್ಲಿದ್ದಿದ್ದರೆ ನಾನು ಆ ಬೀರುವಿಗೆ ಮಗಳ ಅಂಕಪಟ್ಟಿ ಇಡಲು ಬಿಡುತ್ತಿರಲಿಲ್ಲ.

ಯುಜಿಸಿಯ ಇ-ಸಮಾಧಾನ ಪೋರ್ಟಲ್‌ನಲ್ಲಿ ದೂರು ದಾಖಲಿಸಿದೆ. ಆ ಕಾಲೇಜು ಸೇರಿರುವ ವಿಶ್ವವಿದ್ಯಾಲಯದ ಕುಲಸಚಿವರಿಗೂ ಕಾಲೇಜಿಗೂ ಅಧಿಸೂಚನೆಯ ಪ್ರತಿ ಲಗತ್ತಿಸಿ ನೋಂದಾಯಿತ ಅಂಚೆಯಲ್ಲಿ ಪತ್ರ ಕಳುಹಿಸಿದೆ. ಹನ್ನೆರಡನೇ ದಿನ ಕಾಲೇಜಿನಿಂದಲೇ ದೂರವಾಣಿ ಕರೆ ಬಂತು, ಒಂದು ರೂಪಾಯಿಯನ್ನೂ ಕೇಳದೆ ಮೂಲ ದಾಖಲೆಗಳನ್ನು ಕೊಟ್ಟರು. ಅಂದರೆ ಮೂರು ದಿನ ನಮ್ಮನ್ನು ಬೆಂಚಿನ ಮೇಲೆ ಕೂರಿಸಿದ್ದು ಯಾವ ಹಕ್ಕಿನಿಂದಲೂ ಅಲ್ಲ, ನಮ್ಮ ಬಳಿ ಸಮಯವಿಲ್ಲವೆಂಬುದು ಅವರಿಗೆ ಗೊತ್ತಿತ್ತು ಎಂಬ ಕಾರಣಕ್ಕೆ. ಮಕ್ಕಳ ಅಂಕಪಟ್ಟಿಯನ್ನು ಒತ್ತೆಯಿಟ್ಟುಕೊಳ್ಳುವ ಈ ಪದ್ಧತಿಯನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ.

ಮುಂದೆ ರಾಜ್ಯದ ಸೀಟುಗಳನ್ನು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸಿದ ಕೊನೆಯ ಸುತ್ತುಗಳಲ್ಲಿ ಮಗಳಿಗೆ ಖಾಸಗಿ ಕಾಲೇಜೊಂದರಲ್ಲಿ ಸರ್ಕಾರಿ ಕೋಟಾದ ಸೀಟು ಸಿಕ್ಕಿತು, ಈಗ ಅವಳು ಅಲ್ಲಿ ಓದುತ್ತಿದ್ದಾಳೆ. ಕೈತಪ್ಪಿದ ಸರ್ಕಾರಿ ಸೀಟಿನ ಶುಲ್ಕ ವರ್ಷಕ್ಕೆ ಸುಮಾರು 60,000 ರೂಪಾಯಿ, ಈಗಿನದು ಒಂದೂವರೆ ಲಕ್ಷದ ಆಸುಪಾಸು. ನಾಲ್ಕೂವರೆ ವರ್ಷಕ್ಕೆ ಲೆಕ್ಕ ಹಾಕಿದರೆ ವ್ಯತ್ಯಾಸವೇ ನಾಲ್ಕು ಲಕ್ಷ ಮುಟ್ಟುತ್ತದೆ, ಹಾಸ್ಟೆಲಿನ ಖರ್ಚು ಬೇರೆ. ಸಾಲ ಮಾಡಿಯಾದರೂ ಅಂದು 3,60,000 ಕೊಟ್ಟುಬಿಟ್ಟಿದ್ದರೆ ಅಗ್ಗವಾಗುತ್ತಿತ್ತಲ್ಲ ಎಂದು ಕೆಲವರು ಹೇಳುತ್ತಾರೆ. ಲೆಕ್ಕ ಅವರು ಹೇಳಿದಂತೆಯೇ ಇದೆ. ಆದರೂ ಕೊಡಬೇಕಿತ್ತು ಎಂದು ಇನ್ನೊಬ್ಬ ತಂದೆಗೆ ಹೇಳಲು ನನ್ನ ನಾಲಿಗೆ ಏಳುವುದಿಲ್ಲ.

ಈಗ ನನ್ನ ಬಳಿ ಕೇಳಲು ಬರುವವರಿಗೆ ನಾನು ಹೇಳುವುದಿಷ್ಟು. ಬದಲಿ ಕೋರ್ಸಿಗೆ ಸೇರಿಸುವುದು ತಪ್ಪಲ್ಲ, ಆದರೆ ಮೂಲ ದಾಖಲೆಗಳನ್ನು ತೋರಿಸಿ ಅಲ್ಲಿಯೇ ಹಿಂದಕ್ಕೆ ಪಡೆಯಿರಿ. ಬಿಡದೆ ಒತ್ತಾಯಿಸಿದರೆ ಯುಜಿಸಿ ಅಧಿಸೂಚನೆಯನ್ನು ಮುಂದಿಡಿ, ಅದಕ್ಕೂ ಒಪ್ಪದ ಕಾಲೇಜಿಗೆ ಹಣ ಕಟ್ಟುವ ಮುನ್ನ ಮತ್ತೊಮ್ಮೆ ಯೋಚಿಸಿ. ಈಗಾಗಲೇ ಕೊಟ್ಟುಬಿಟ್ಟಿದ್ದರೆ ಸೀಟು ಬರಲಿ ಎಂದು ಕಾಯಬೇಡಿ. ಕಾಲೇಜುಗಳ ಆದ್ಯತಾ ಪಟ್ಟಿ ತುಂಬುವ ದಿನಗಳಲ್ಲಿಯೇ, ಹಂಚಿಕೆಗೆ ಮುಂಚೆಯೇ, ದಾಖಲೆ ಹಿಂದಿರುಗಿಸಿ ಎಂದು ಆ ಕಾಲೇಜಿಗೆ ಲಿಖಿತ ಅರ್ಜಿ ಕೊಟ್ಟು ಅದರ ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ಟಿಸಿ ಒಂದೇ ಇರುತ್ತದೆ, ಕಳೆದುಹೋದರೆ ನಕಲು ಪಡೆಯಲು ಅಫಿಡವಿಟ್, ಅರ್ಜಿ ಎಂದು ದಿನಗಳು ಹೋಗುತ್ತವೆ. ಡಿಜಿಲಾಕರ್‌ನಲ್ಲಿ ಅಂಕಪಟ್ಟಿ ಇದೆ ಎಂದು ನೆಮ್ಮದಿಯಿಂದಿರಬೇಡಿ, ನಮ್ಮ ಫೋನಿನಲ್ಲಿಯೂ ಅದು ಇತ್ತು.

ಅದೇ ಗುರುವಾರ ನಮ್ಮ ಪಕ್ಕದಲ್ಲಿ ಕುಳಿತಿದ್ದ ಇನ್ನೊಂದು ಕುಟುಂಬದ ಕಥೆ ಬೇರೆಯಾಗಿತ್ತು. ಆ ಹುಡುಗ ತಂದದ್ದು ರಾಜ್ಯದ 2ಎ ಪ್ರವರ್ಗದ ಪ್ರಮಾಣಪತ್ರ. ಆಲ್ ಇಂಡಿಯಾ ಕೋಟಾದಲ್ಲಿ ಒಬಿಸಿ ಮೀಸಲಾತಿಗೆ ಜಾತಿ ಕೇಂದ್ರದ ಪಟ್ಟಿಯಲ್ಲಿರಬೇಕು, ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲಿಯೇ ಇರಬೇಕು. ಅವನ ತಂದೆ ಫೋನಿನಲ್ಲಿ ತಹಶೀಲ್ದಾರ್ ಕಚೇರಿಯನ್ನು ಹಿಡಿಯಲು ಹೆಣಗುತ್ತಿದ್ದರು. ಹೆಸರಿನ ವಿಷಯದಲ್ಲಿಯೂ ನಮ್ಮ ಕಡೆಯವರು ಎಚ್ಚರ ವಹಿಸಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ಣ ಹೆಸರು, ನೀಟ್ ಅರ್ಜಿಯಲ್ಲಿ ಮತ್ತೊಂದು ಎಂದಿದ್ದರೆ ಮೇ ತಿಂಗಳಲ್ಲಿಯೇ ಸರಿಪಡಿಸುವ ಅಥವಾ ಅಫಿಡವಿಟ್ ಮಾಡಿಸುವ ಕೆಲಸ ಮುಗಿಸಿಕೊಳ್ಳಿ.

ಫಿಸಿಯೋಥೆರಪಿ ಕಾಲೇಜಿಗೆ ಕಟ್ಟಿದ 1,20,000 ರೂಪಾಯಿಯಲ್ಲಿ ಇನ್ನೂ ಏನೂ ಹಿಂದಿರುಗಿಲ್ಲ. ಆ ದೂರನ್ನು ನಾನು ಹಿಂತೆಗೆದುಕೊಂಡಿಲ್ಲ, ಮೂರನೇ ಜ್ಞಾಪನಾ ಪತ್ರವನ್ನು ಹೋದ ಸೋಮವಾರ ಅಂಚೆಗೆ ಹಾಕಿದ್ದೇನೆ.