ದೊಡ್ಡಮ್ಮನ ಹಾಡುಗಳಿಗೊಂದು ಸ್ವಂತ ವೆಬ್‌ಸೈಟ್: ಆರು ವರ್ಷ ಬಳಸಿದ ಮೇಲೆ

2019ರ ದೀಪಾವಳಿಯಿಂದ ನಮ್ಮ ಮನೆಯ ಹಾಡುಗಳನ್ನು ನಾವೇ ರೆಕಾರ್ಡ್ ಮಾಡಿ, ನಮ್ಮದೇ ವೆಬ್‌ಸೈಟ್‌ಗೆ ಹಾಕುತ್ತಾ ಬಂದಿದ್ದೇವೆ. ಈಗ 143 ಹಾಡುಗಳಿವೆ. ಹಾಡಿದವರು ನನ್ನ ದೊಡ್ಡಮ್ಮ, ಅಮ್ಮ ಮತ್ತು ಪಕ್ಕದ ಮನೆಯ ಅತ್ತೆ. ಎಲ್ಲವೂ ಸಾಗರದ ಹತ್ತಿರದ ನಮ್ಮ ಊರಿನ ಹಾಡುಗಳು. ಎಣ್ಣೆ ಶಾಸ್ತ್ರದ ಹಾಡು, ಹಸೆಗೆ ಕರೆಯುವ ಹಾಡು, ಆರತಿ ಹಾಡು, ತೊಟ್ಟಿಲ ಹಾಡು, ಬೀಸುವಾಗಿನ ಹಾಡು. ವಾದ್ಯ ಇಲ್ಲ, ಶ್ರುತಿ ಪೆಟ್ಟಿಗೆಯೂ ಇಲ್ಲ. ಬರೀ ಕಂಠ.

"ಇಷ್ಟಕ್ಕೆಲ್ಲಾ ಸ್ವಂತ ಸೈಟ್ ಯಾಕೆ? ವಿಡಿಯೋ ತಾಣಕ್ಕೆ ಹಾಕಿದ್ರೆ ಸಾಕಲ್ವಾ?" ಅಂತ ತುಂಬಾ ಜನ ಕೇಳಿದ್ದಾರೆ. ಅವರಿಗೆಲ್ಲ ಒಂದೇ ಕಡೆ ಉತ್ತರ ಇರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಬಳಸಿದ ಸಾಮಾನು, ಆದ ಖರ್ಚು, ಮಾಡಿದ ತಪ್ಪು ಎಲ್ಲಾ ಹೇಳುತ್ತೇನೆ.

ನಾವೂ ಮೊದಲು ಒಂದು ವಿಡಿಯೋ ತಾಣಕ್ಕೇ ಹಾಕಿದ್ದೆವು. ಅಮ್ಮ ಹಾಡಿದ ಒಂದು ಪುರಂದರದಾಸರ ಪದ. ಅಡುಗೆಮನೆಯಲ್ಲಿ ಕೂತು ಹಾಡಿದ್ದು. ಎರಡೇ ದಿನದಲ್ಲಿ ಯಾವುದೋ ಕ್ಯಾಸೆಟ್ ಕಂಪನಿಯ ಹೆಸರಲ್ಲಿ ನೋಟಿಸ್ ಬಂತು, ಈ ಹಾಡು ನಮ್ಮದು ಅಂತ. ದಾಸರು ಹೋಗಿ 450 ವರ್ಷದ ಮೇಲಾಯಿತು. ಕಂಠ ನಮ್ಮಮ್ಮನದು. ಕಂಪನಿಗೆ ಅದರಲ್ಲಿ ಏನು ಹಕ್ಕು? ತಕರಾರು ಹಾಕಿದೆ, ಮೂರು ವಾರ ಆದ ಮೇಲೆ ನೋಟಿಸ್ ತೆಗೆದರು. ಆದರೆ ಆ ಮೂರು ವಾರ ಅಮ್ಮ "ನಾನೇನಾದ್ರೂ ತಪ್ಪು ಮಾಡಿದ್ನಾ?" ಅಂತ ದಿನಾ ಕೇಳುತ್ತಿದ್ದರು. ಅದು ನನ್ನ ಮನಸ್ಸಿಗೆ ತುಂಬಾ ಚುಚ್ಚಿತು.

2019ರ ಮಾರ್ಚ್‌ನಲ್ಲಿ ಮೈಸ್ಪೇಸ್ ಅನ್ನುವ ಹಳೆಯ ಸಾಮಾಜಿಕ ಜಾಲತಾಣದ ಸುದ್ದಿ ಬಂದಿತ್ತು. 2003ರಿಂದ 2015ರವರೆಗೆ ಜನ ಅಲ್ಲಿಗೆ ಹಾಕಿದ್ದ ಹಾಡುಗಳು ಸರ್ವರ್ ಬದಲಿಸುವಾಗ ಹೋಗಿಬಿಟ್ಟವು. 5 ಕೋಟಿಗೂ ಜಾಸ್ತಿ ಹಾಡುಗಳು ಅಂತ ಪತ್ರಿಕೆಗಳು ಬರೆದವು. ಎಷ್ಟೋ ಜನರ ಹತ್ತಿರ ಬೇರೆ ಪ್ರತಿಯೇ ಇರಲಿಲ್ಲ. ಬಿಟ್ಟಿ ಜಾಗ ಅಂದರೆ ಇನ್ನೊಬ್ಬರ ಅಟ್ಟದಲ್ಲಿ ನಮ್ಮ ಪಾತ್ರೆ ಇಟ್ಟ ಹಾಗೆ. ಅವರು ಮನೆ ಖಾಲಿ ಮಾಡುವ ದಿನ ನಮಗೆ ಹೇಳಬೇಕು ಅಂತೇನೂ ಇಲ್ಲ.

ರೆಕಾರ್ಡರ್‌ನಿಂದ ಶುರು ಮಾಡುತ್ತೇನೆ. ಅಂಗೈ ಉದ್ದದ, ಮೇಲೆ ಎರಡು ಮೈಕ್ ಇರುವ ಕೈ ರೆಕಾರ್ಡರ್ ತಗೊಂಡೆ. ಆಗ ಸುಮಾರು ಒಂಬತ್ತು ಸಾವಿರ ಆಯಿತು. ದೊಡ್ಡಮ್ಮ ಮೊದಲ ಸಲ ನೋಡಿ, "ಇದೇನೇ ಪುಟ್ಟಿ, ಗಡ್ಡ ಕೆರೆಯೋ ಮಿಷನ್ನಾ?" ಅಂದರು. ಫೋನಿಗೂ ಇದಕ್ಕೂ ಏನು ವ್ಯತ್ಯಾಸ ಅಂತ ಕೇಳಿದರೆ, ದನಿಯ ಮಟ್ಟ ನಮ್ಮ ಕೈಯಲ್ಲಿರುತ್ತದೆ. ಫೋನು ತಾನೇ ದನಿ ಏರಿಸಿ ಇಳಿಸಿ ಮಾಡುತ್ತದೆ. ದೊಡ್ಡಮ್ಮ ಉಸಿರು ತಗೊಳ್ಳಲು ನಿಲ್ಲಿಸಿದಾಗ ಹಿಂದಿನ ಗದ್ದಲವನ್ನೆಲ್ಲ ಮೇಲೆತ್ತುತ್ತದೆ, ಮತ್ತೆ ಹಾಡಿದಾಗ ಅದುಮುತ್ತದೆ. ರೆಕಾರ್ಡರ್‌ನಲ್ಲಿ ಅವರ ಜೋರು ದನಿಯೂ ಪರದೆಯ ಅಳತೆಯಲ್ಲಿ -12 ಡೆಸಿಬಲ್ (0 ಅಂದರೆ ದನಿ ಒಡೆಯುವ ಮಿತಿ) ದಾಟದ ಹಾಗೆ ಇಟ್ಟುಕೊಂಡರೆ ಆಯಿತು. ಒಮ್ಮೆ ದನಿ ಒಡೆದರೆ ಆಮೇಲೆ ಸರಿ ಮಾಡಲು ಬರುವುದಿಲ್ಲ. ಮೆತ್ತಗೆ ಬಂದಿದ್ದರೆ ಏರಿಸಿಕೊಳ್ಳಬಹುದು.

ಆರು ವರ್ಷದಲ್ಲಿ ರೆಕಾರ್ಡರ್‌ನ ರಬ್ಬರ್ ಮೈ ಮಲೆನಾಡಿನ ಶೀತಕ್ಕೆ ಅಂಟಂಟಾಗಿದೆ. ಬ್ಯಾಟರಿ ಮುಚ್ಚಳ ಮುರಿದಿದೆ, ಟೇಪ್ ಸುತ್ತಿದ್ದೇನೆ. ಮೈಕ್ ಮಾತ್ರ ಇವತ್ತಿಗೂ ಹೊಸದರ ಹಾಗೇ ಇದೆ. ಮಳೆಗಾಲದಲ್ಲಿ ಅದನ್ನು ಅಕ್ಕಿ ಡಬ್ಬಿಯ ಪಕ್ಕ, ಗಟ್ಟಿ ಮುಚ್ಚಳದ ಇನ್ನೊಂದು ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣಗಳ ಜೊತೆ ಇಡುತ್ತೇನೆ. ಇದನ್ನು ಮೊದಲ ದಿನದಿಂದಲೇ ಮಾಡಬೇಕಿತ್ತು.

ಆದರೆ ಸಾಮಾನಿಗಿಂತ ಜಾಗ ಮುಖ್ಯ. ನಾವು ಮೊದಲು ಪಡಸಾಲೆಯಲ್ಲಿ ಕೂತೆವು. ರೆಡ್ ಆಕ್ಸೈಡ್ ನೆಲ, ಖಾಲಿ ಗೋಡೆ. ದನಿಯೆಲ್ಲ ಬಾವಿಯೊಳಗಿಂದ ಬಂದ ಹಾಗಿತ್ತು. ಕೊನೆಗೆ ಒಳ್ಳೆಯ ಜಾಗ ಸಿಕ್ಕಿದ್ದು ಹಾಸಿಗೆ ಕೋಣೆಯಲ್ಲಿ. ಮೂಲೆಯಲ್ಲಿ ಸುತ್ತಿಟ್ಟ ಹಾಸಿಗೆ, ಹಗ್ಗದ ಮೇಲೆ ಸೀರೆ, ಕಂಬಳಿ. ಬಟ್ಟೆ ದನಿಯನ್ನು ಹೀರಿಕೊಳ್ಳುತ್ತದೆ, ಗೋಡೆ ವಾಪಸ್ ಎಸೆಯುತ್ತದೆ. ರೆಕಾರ್ಡರನ್ನು ಮೇಜಿನ ಮೇಲೆ ಬರಿದೆ ಇಡಬೇಡಿ, ತಾಳ ಹಾಕುವ ಕೈ ಮೇಜಿಗೆ ತಾಗಿದರೆ ಗುಡುಗಿನ ಹಾಗೆ ಕೇಳುತ್ತದೆ. ನಾಲ್ಕು ಮಡಿಕೆ ಕಂಬಳಿಯ ಮೇಲೆ ಇಟ್ಟು, ಬಾಯಿಂದ ಒಂದು ಮೊಳ ದೂರ, ಸ್ವಲ್ಪ ಓರೆಯಾಗಿ. ನೇರ ಎದುರಿಗಿಟ್ಟರೆ 'ಪ' 'ಬ' ಬಂದಾಗೆಲ್ಲ ಉಸಿರು ಬಡಿಯುತ್ತದೆ.

ಫ್ಯಾನ್ ಆರಿಸುವುದು ಎಲ್ಲರಿಗೂ ನೆನಪಿರುತ್ತದೆ. ಫ್ರಿಜ್ ಮರೆಯುತ್ತೇವೆ. ಅದರ ಗುಂಯ್ ಅನ್ನುವ ಸದ್ದು ಕಿವಿಗೆ ರೂಢಿಯಾಗಿರುತ್ತದೆ, ಮೈಕಿಗೆ ಆಗಿರುವುದಿಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಂಚಿನ ಮೇಲೆ ಮಳೆ, ಆಮೇಲೆ ಸಂಜೆಯಾದರೆ ಜೀರುಂಡೆ. ನಮ್ಮ ಸೈಟಿನ ಒಳ್ಳೆಯ ಹಾಡುಗಳಲ್ಲಿ ಬಹಳಷ್ಟು ರಾತ್ರಿ ಕರೆಂಟ್ ಹೋದಾಗ ಮಾಡಿದ್ದು. ಫ್ರಿಜ್ ಇಲ್ಲ, ಪಕ್ಕದ ಮನೆ ಟಿವಿ ಇಲ್ಲ, ದೂರದ ಪಂಪ್‌ಸೆಟ್ ಕೂಡ ಇಲ್ಲ. ಚಿಮಣಿ ಬೆಳಕಲ್ಲಿ ದೊಡ್ಡಮ್ಮ ಕಣ್ಣು ಮುಚ್ಚಿ ಹಾಡುತ್ತಿದ್ದರು. ಕೇಳುತ್ತಾ ಹೋದ ಮೇಲೆ ಒಂದು ವಿಷಯ ತಿಳಿಯಿತು. ಅವರು ಹಾಡು ಶುರು ಮಾಡಿದ ಶ್ರುತಿಗಿಂತ ಕೊನೆಯ ನುಡಿ ಒಂದು ಮನೆ, ಅಂದರೆ ಹಾರ್ಮೋನಿಯಂನ ಒಂದು ಕೀಲಿಯಷ್ಟು, ಮೇಲಿರುತ್ತಿತ್ತು. ಹನ್ನೆರಡು ನುಡಿಯ ಹಾಡಿನಲ್ಲಿ ಮೆಲ್ಲಗೆ, ಗೊತ್ತೇ ಆಗದ ಹಾಗೆ ಏರುತ್ತಿತ್ತು. ಇದನ್ನು ಕಂಪ್ಯೂಟರ್‌ನಲ್ಲಿ ಸರಿ ಮಾಡಿ ಅಂತ ಒಬ್ಬರು ಸಲಹೆ ಕೊಟ್ಟರು. ನಾನು ಮಾಡಲಿಲ್ಲ. ಮದುವೆ ಮನೆಯಲ್ಲಿ ಆ ಹಾಡು ಇರುವುದೇ ಹಾಗೆ.

ಕತ್ತರಿಸಿ ಜೋಡಿಸಲು ಆಡಾಸಿಟಿ ಬಳಸುತ್ತೇನೆ. ದುಡ್ಡು ಕೊಡಬೇಕಿಲ್ಲ, ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. 2000ದಿಂದ ಇರುವ ತಂತ್ರಾಂಶ, ಹಾಗಾಗಿ ಏನು ಕೇಳಿದರೂ ಯಾರೋ ಉತ್ತರ ಬರೆದಿಟ್ಟಿರುತ್ತಾರೆ. ನನಗೆ ಬೇಕಾದ್ದು ಮೂರೇ ಕೆಲಸ: ಹಿಂದೆ ಮುಂದೆ ಕತ್ತರಿಸುವುದು, ದನಿ ಏರಿಸುವುದು, ಎಂಪಿ3 ಮಾಡುವುದು. ಗದ್ದಲ ತೆಗೆಯುವ ಸೌಲಭ್ಯ ಕೂಡ ಇದೆ. ಯಾರೂ ಹಾಡದ ಒಂದೆರಡು ಸೆಕೆಂಡಿನ ತುಂಡು ತೋರಿಸಿದರೆ, ಆ ಸದ್ದು ಹೇಗಿದೆ ಅಂತ ಕಲಿತು ಇಡೀ ಹಾಡಿನಿಂದ ಕಳೆಯುತ್ತದೆ.

ನನ್ನಿಂದ ಆದ ದೊಡ್ಡ ನಷ್ಟ ಇಲ್ಲೇ. ಮೊದಲ ಇಪ್ಪತ್ತು ಹಾಡುಗಳಿಗೆ ಇದನ್ನು ಜಾಸ್ತಿ ಹಾಕಿದೆ. ಹಿಂದಿನ ಸದ್ದು ಪೂರ್ತಿ ಹೋದಾಗ ಖುಷಿಯೋ ಖುಷಿ. ದೊಡ್ಡಮ್ಮನ ದನಿಯ ಅಂಚು, ಆ ಸಣ್ಣ ಒರಟು, ಅದೂ ಜೊತೆಗೇ ಹೋಗಿತ್ತು. ನೀರೊಳಗಿಂದ ಹಾಡಿದ ಹಾಗೆ ಕೇಳುತ್ತದೆ ಅಂತ ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಅಷ್ಟರಲ್ಲಿ ಜಾಗ ಉಳಿಸಲು ಮೂಲ ಕಡತಗಳನ್ನು ಅಳಿಸಿದ್ದೆ. ಹದಿನೇಳು ಹಾಡು ಅವರೇ ಮತ್ತೆ ಹಾಡಿಕೊಟ್ಟರು. 2022ರ ಚಳಿಗಾಲದಲ್ಲಿ ದೊಡ್ಡಮ್ಮ ಹೋದರು. ಮೂರು ಹಾಡು ಹಾಗೇ ಉಳಿದಿವೆ, ನೀರೊಳಗಿನ ದನಿಯಲ್ಲಿ. ದಯವಿಟ್ಟು ಮೂಲ ಕಡತ ಅಳಿಸಬೇಡಿ. ಹಾರ್ಡ್ ಡಿಸ್ಕ್ ಮತ್ತೆ ಕೊಳ್ಳಬಹುದು.

ಈಗ ನನ್ನ ಕ್ರಮ ಹೀಗಿದೆ. ಮೂಲ ವೇವ್ ಕಡತ (ಕುಗ್ಗಿಸದ ದನಿ) ಎರಡು ಡಿಸ್ಕ್‌ನಲ್ಲಿ, ಒಂದು ನಮ್ಮನೆ, ಇನ್ನೊಂದು ತಮ್ಮನ ಮನೆ. ಮನೆಯವರೆಲ್ಲ ಒಪ್ಪಿದ ಹಾಡುಗಳ ಒಂದು ಪ್ರತಿ ಫ್ಲ್ಯಾಕ್ ರೂಪದಲ್ಲಿ ಇಂಟರ್ನೆಟ್ ಆರ್ಕೈವ್‌ಗೆ. 1996ರಿಂದ ನಡೆಯುತ್ತಿರುವ, ಲಾಭಕ್ಕಲ್ಲದ ಡಿಜಿಟಲ್ ಗ್ರಂಥಾಲಯ ಅದು, ದುಡ್ಡು ಕೇಳುವುದಿಲ್ಲ. ಫ್ಲ್ಯಾಕ್ ಅಂದರೆ ದನಿಯಲ್ಲಿ ಏನೂ ಕಳೆಯದೆ ಗಾತ್ರ ಮಾತ್ರ ಕಮ್ಮಿ ಮಾಡುವುದು. ಸೈಟಿಗೆ ಎಂಪಿ3.

ಎಂಪಿ3 ಸಾಕಾ ಅಂತ ಕೇಳುವವರಿಗೆ ಲೆಕ್ಕ ಹೇಳುತ್ತೇನೆ. ಸಿಡಿ ಗುಣಮಟ್ಟದ ಸ್ಟೀರಿಯೋ ವೇವ್ ನಿಮಿಷಕ್ಕೆ ಸುಮಾರು 10 ಎಂಬಿ. ಒಂದೇ ಕಂಠಕ್ಕೆ ಸ್ಟೀರಿಯೋ ಬೇಕಿಲ್ಲ. ಮೋನೋ (ಎರಡರ ಬದಲು ಒಂದೇ ವಾಹಿನಿ) ಮಾಡಿ 96 ಕೆಬಿಪಿಎಸ್ (ಸೆಕೆಂಡಿಗೆ 96 ಕಿಲೋಬಿಟ್) ಎಂಪಿ3 ಮಾಡಿದರೆ ನಿಮಿಷಕ್ಕೆ ಮುಕ್ಕಾಲು ಎಂಬಿಗೂ ಕಮ್ಮಿ. ನಾಲ್ಕು ನಿಮಿಷದ ಹಾಡು 3 ಎಂಬಿಯೊಳಗೆ. ನಮ್ಮೂರಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡದ ತಿರುವಿಗೆ ಹೋಗಬೇಕು. ಅಲ್ಲಿ ನಿಂತು ಕೇಳುವವರಿಗೆ ಹಾಡು ತಡೆಯದೆ ಓಡುವುದು ಮುಖ್ಯ.

ಸೈಟ್ ತುಂಬಾ ಸರಳ. ಬರೀ ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಮೂಲ ಭಾಷೆ), ಹಾಡಿಗೊಂದು ಪುಟ. ಬ್ರೌಸರ್‌ನಲ್ಲೇ ಇರುವ ಆಡಿಯೋ ಪ್ಲೇಯರ್ ಬಳಸಿದ್ದೇನೆ, ಆರು ವರ್ಷದಲ್ಲಿ ಅದು ಒಂದು ದಿನವೂ ಕೈಕೊಟ್ಟಿಲ್ಲ. ಪಟ್ಟಿಯ ಪುಟದಲ್ಲಿ ಎಲ್ಲ ಹಾಡು ಮೊದಲೇ ಇಳಿಯದ ಹಾಗೆ ಪ್ರಿಲೋಡ್ ಆಫ್ ಮಾಡಿಡಿ, ಇಲ್ಲದಿದ್ದರೆ ಕೇಳುವವರ ಡೇಟಾ ಸುಮ್ನೆ ಖರ್ಚು.

ಕನ್ನಡಕ್ಕೇ ಸಂಬಂಧಿಸಿದ ಒಂದು ತೊಂದರೆ ಹೇಳಲೇಬೇಕು. ನಾನು ಮೊದಲು ಕಡತಗಳಿಗೆ ಕನ್ನಡದಲ್ಲೇ ಹೆಸರಿಟ್ಟೆ. ಲಿಂಕ್ ಕಾಪಿ ಮಾಡಿ ಕಳಿಸಿದರೆ ಎಲ್ಲ ಶೇಕಡಾ ಚಿಹ್ನೆ ಮತ್ತು ಅಂಕಿಗಳಾಗಿ ಹೋಗುತ್ತಿತ್ತು. 'ಹಸೆಹಾಡು' ಅನ್ನುವ ನಾಲ್ಕು ಅಕ್ಷರ ಲಿಂಕಿನಲ್ಲಿ 63 ಚಿಹ್ನೆಗಳಾಗುತ್ತದೆ. ಯಾಕೆಂದರೆ ಕಾಗುಣಿತದ ಪ್ರತಿ ಗುರುತನ್ನೂ ಬೇರೆಯಾಗಿ ಎಣಿಸುತ್ತದೆ, ಒಂದೊಂದಕ್ಕೂ ಒಂಬತ್ತು ಚಿಹ್ನೆ. ಅದನ್ನು ನೋಡಿ ನಮ್ಮ ಚಿಕ್ಕಪ್ಪ ವೈರಸ್ ಅಂದುಕೊಂಡು ತೆರೆಯಲೇ ಇಲ್ಲ. ಈಗ ಲಿಂಕಿಗೆ ಬರೀ ಸಂಖ್ಯೆ, ಪುಟದ ಮೇಲೆ ದೊಡ್ಡದಾಗಿ ಕನ್ನಡ. ಎಂಪಿ3 ಒಳಗೂ ಹಾಡಿನ ಹೆಸರು, ಹಾಡಿದವರ ಹೆಸರು ಕನ್ನಡದಲ್ಲೇ ತುಂಬಿಸುತ್ತೇನೆ. ಕೆಲವು ಕಾರಿನ ಪ್ಲೇಯರ್‌ಗಳಲ್ಲಿ ಚೌಕ ಚೌಕ ಕಾಣುತ್ತದೆ. ಇರಲಿ. ಹಾಡು ಯಾರ ಫೋನಿಗೆ ಹೋದರೂ ಹೆಸರು ಅದರ ಜೊತೆಗೇ ಹೋಗುತ್ತದಲ್ಲ, ಅದು ದೊಡ್ಡದು.

ಖರ್ಚು: ಸೈಟಿನ ವಿಳಾಸಕ್ಕೆ (ಡೊಮೇನ್) ವರ್ಷಕ್ಕೆ ಸಾವಿರದೊಳಗೆ. ಕಡತ ಇಡುವ ಸರ್ವರ್ ಜಾಗದ ಬಾಡಿಗೆ ಮೊದಲ ವರ್ಷ ಸಾವಿರದ ಇನ್ನೂರು, ನವೀಕರಣಕ್ಕೆ ಬಂದಾಗ ಅದೇ ಕಂಪನಿ ಮೂರು ಸಾವಿರದ ಮೇಲೆ ಕೇಳಿತು. ಜಾಹೀರಾತಿನ ಬೆಲೆ ನೋಡಬೇಡಿ, ನವೀಕರಣದ ಬೆಲೆ ಕೇಳಿ. ನಾನು ಎರಡು ಸಲ ಜಾಗ ಬದಲಿಸಿದೆ. ಬರೀ ಕಡತಗಳಾದ್ದರಿಂದ ಒಂದೇ ಸಂಜೆಯಲ್ಲಿ ಮುಗಿಯಿತು, ವಿಳಾಸ ನಮ್ಮದೇ ಆದ್ದರಿಂದ ಕೇಳುವವರಿಗೆ ಗೊತ್ತೂ ಆಗಲಿಲ್ಲ.

ಏನು ಹಾಕಬೇಕು, ಏನು ಬೇಡ ಅನ್ನುವುದಕ್ಕೆ ತಂತ್ರಜ್ಞಾನಕ್ಕಿಂತ ಜಾಸ್ತಿ ಯೋಚನೆ ಬೇಕು. ಅಮ್ಮನಿಗೆ ಕೆಲವು ಭಾವಗೀತೆ ಹಾಡುವ ಆಸೆ. ನಮ್ಮ ಕಾನೂನಿನಲ್ಲಿ ಕವಿ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ, ಹಾಗಾಗಿ ಅವು ಮನೆಯವರಿಗೆ ಮಾತ್ರ. ಬೀಗರನ್ನು ಬೈಯುವ ಹಾಡುಗಳು ಹನ್ನೊಂದಿವೆ. ದೊಡ್ಡಮ್ಮ ನಗುನಗುತ್ತಲೇ ಹಾಡಿದರು, ಆಮೇಲೆ "ಇದು ಮಾತ್ರ ಹೊರಗೆ ಹಾಕಬೇಡ ಪುಟ್ಟಿ, ಅವರ ಮಕ್ಕಳು ಕೇಳ್ತಾರೆ" ಅಂದರು. ಹಾಡಿನೊಳಗೆ ನಿಜವಾದ ಮನೆತನದ ಹೆಸರುಗಳಿವೆ. ಅವು ಡಿಸ್ಕ್‌ನಲ್ಲಿವೆ, ಸೈಟಿನಲ್ಲಿಲ್ಲ, ಆರ್ಕೈವ್‌ನಲ್ಲೂ ಇಲ್ಲ.

ಇಷ್ಟೆಲ್ಲದರಲ್ಲಿ ನನಗೆ ಅತಿ ಬೆಲೆಬಾಳುವುದು ಅಂತ ಅನಿಸಿದ್ದು ಹಾಡಿನ ಕೆಳಗಿನ ಬರಹ. ಯಾರು ಹಾಡಿದ್ದು, ಯಾವಾಗ, ಯಾರಿಂದ ಕಲಿತದ್ದು, ಮದುವೆಯ ಯಾವ ಹೊತ್ತಿಗೆ ಹಾಡುವುದು, ಪೂರ್ತಿ ಸಾಹಿತ್ಯ. ವಾಟ್ಸ್ಆ್ಯಪ್‌ನಲ್ಲಿ ಹಾಡು ಹರಿದಾಡುತ್ತದೆ, ಆದರೆ ಮೂರನೇ ಗುಂಪಿಗೆ ಹೋಗುವಷ್ಟರಲ್ಲಿ 'ಹಳ್ಳಿ ಅಜ್ಜಿಯ ಹಾಡು' ಆಗಿರುತ್ತದೆ. ರಾಮನಗರದಲ್ಲಿ ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರಂಥವರು ಊರೂರು ತಿರುಗಿ ಜನರ ಹಾಡುಗಳನ್ನು ರೆಕಾರ್ಡ್ ಮಾಡಿಟ್ಟರು. ಅಂಥವರು ಎಲ್ಲರ ಮನೆಗೂ ಬರಲು ಆಗುವುದಿಲ್ಲ. ನಮ್ಮ ಮನೆಗೆ ನಾವೇ.

ಕೇಳುವವರ ಸಂಖ್ಯೆ ದೊಡ್ಡದೇನಲ್ಲ. ತಿಂಗಳಿಗೆ ನೂರಿನ್ನೂರು ಜನ. ಆದರೆ ಹೋದ ವರ್ಷ ನ್ಯೂಜೆರ್ಸಿಯಿಂದ ಒಬ್ಬ ಹೆಣ್ಣುಮಗಳು ಮೇಲ್ ಮಾಡಿದ್ದರು. ಅವರ ತವರೂ ನಮ್ಮ ಕಡೆಯೇ. ಮಗುವಿಗೆ ನಾಮಕರಣ, ತೊಟ್ಟಿಲ ಹಾಡಿನ ಸಾಹಿತ್ಯ ಅವರ ತಾಯಿಯ ಪುಸ್ತಕದಲ್ಲಿ ಇತ್ತು, ಧಾಟಿ ಗೊತ್ತಿರಲಿಲ್ಲ. 38ನೇ ಹಾಡು ಕೇಳಿ ಕಲಿತು ಹಾಡಿದರಂತೆ. ಅವರು ಹಾಡಿದ ರೆಕಾರ್ಡಿಂಗ್ ಕೂಡ ಕಳಿಸಿದ್ದರು, ಹಿಂದೆ ಮಗು ಅಳುವುದು ಕೇಳುತ್ತದೆ. ಒಪ್ಪಿಗೆ ಪಡೆದು ಅದನ್ನೂ ಅದೇ ಪುಟಕ್ಕೆ ಸೇರಿಸಿದೆ.

ಹೋದ ತಿಂಗಳು ಅಮ್ಮ ಟ್ಯಾಬ್‌ನಲ್ಲಿ ದೊಡ್ಡಮ್ಮನ ಆರತಿ ಹಾಡು ಕೇಳುತ್ತಾ ಅವರೆಕಾಯಿ ಸುಲಿಯುತ್ತಿದ್ದರು. ಆರನೇ ನುಡಿ ಮುಗಿಯುತ್ತಿದ್ದ ಹಾಗೆ ಕೈ ನಿಲ್ಲಿಸಿದರು. "ಅಕ್ಕ ಇಲ್ಲಿ ಒಂದು ನುಡಿ ಬಿಟ್ಟಿದ್ದಾಳೆ." ಆ ನುಡಿಯನ್ನು ಅಲ್ಲೇ ಗುನುಗಿದರು. ನಾನು ಫ್ರಿಜ್ ಆರಿಸಿ, ಟೇಪ್ ಸುತ್ತಿದ ರೆಕಾರ್ಡರ್ ತಂದು, ಕಂಬಳಿ ಮಡಚಿ ಮುಂದಿಟ್ಟೆ. ಇಪ್ಪತ್ತಾರು ಸೆಕೆಂಡಿನ ಕಡತ. ಈಗ 61ನೇ ಪುಟದಲ್ಲಿ, ಅಕ್ಕನ ಹಾಡಿನ ಕೆಳಗೆ ಇದೆ.